ಎಣಿಕೆಯಲ್ಲಿ ಇಲ್ಲದವಳು

ನಮ್ಮ ಮನೆಗೂ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದ ಆ ವಸತಿ ಶಾಲೆಯಲ್ಲಿ ಅಮ್ಮ ಕನ್ನಡ ಪಾಠ ಮಾಡುತ್ತಿದ್ದಳು. ಹಾಸ್ಟೆಲ್ಲಿನ ವಾರ್ಡನ್ ಕೆಲಸವೂ ಅವಳ ತಲೆಗೇ ಬಿದ್ದಿತ್ತು. ವಾರ್ಡನ್ನಿಗೆಂದು ಕೊಟ್ಟಿದ್ದ ಮನೆಯಲ್ಲಿ ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೆ ಎರಡು ಬಾಗಿಲು. ಒಂದು ನಮ್ಮ ಹಜಾರಕ್ಕೆ, ಇನ್ನೊಂದು ನೇರವಾಗಿ ಹುಡುಗಿಯರ ಪಡಸಾಲೆಗೆ. ಪಡಸಾಲೆ ಕಡೆಯ ಬಾಗಿಲಿಗೆ ಚಿಲಕವೇನೋ ಇತ್ತು, ಅದನ್ನು ಹಾಕುವವರು ಇರಲಿಲ್ಲ. ತುಕ್ಕು ಹಿಡಿದು ಅಲ್ಲೇ ಅಂಟಿಕೊಂಡಿತ್ತು. ಹಲ್ಲುನೋವು, ಹೊಟ್ಟೆನೋವು, ಕಳೆದುಹೋದ ಪೆನ್ನು, ಹರಿದ ಲಂಗ, ಊರಿನಿಂದ ಬಂದ ಕಾಗದ, ಬಾರದ ಕಾಗದ, ಎಲ್ಲವೂ ಆ ಬಾಗಿಲಿನಿಂದಲೇ ನಮ್ಮ ಅಡುಗೆಮನೆಗೆ ಬರುತ್ತಿದ್ದವು. ನಾನು ತಟ್ಟೆ ಮುಂದೆ ಕೂತು ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬಳು ಅಲ್ಲಿ ನಿಂತು "ಮಿಸ್" ಅನ್ನುತ್ತಿದ್ದಳು. ಅಮ್ಮ ಸೌಟನ್ನು ನನ್ನ ತಟ್ಟೆಯ ಮೇಲೆ ಹಿಡಿದುಕೊಂಡೇ ಅವಳ ಕಡೆ ತಿರುಗುತ್ತಿದ್ದಳು. ಹುರುಳಿ ಸಾರು ಸೌಟಿನಿಂದ ತೊಟ್ಟಿಕ್ಕುತ್ತಿತ್ತು, ನಾನು ಕಾಯುತ್ತಾ ಕೂತಿರುತ್ತಿದ್ದೆ.

ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪನಿಗೆ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ; ಶಿಫ್ಟಿಗೆ ತಕ್ಕಂತೆ ಬೆಳಗ್ಗೆಯೋ ಮಧ್ಯಾಹ್ನವೋ ಬಸ್ಸು ಹತ್ತಿ ಹೋಗುತ್ತಿದ್ದ. ಅಪ್ಪನ ತಾಯಿ, ನಮ್ಮಜ್ಜಿ, ಹಜಾರದ ಹೊಸ್ತಿಲ ಬಳಿ ಕಾಲು ಚಾಚಿ ಕೂತು ಎಲೆಅಡಿಕೆ ಕುಟ್ಟುತ್ತಾ ಇಡೀ ಶಾಲೆಯ ಆಗುಹೋಗುಗಳಿಗೆ ಷರಾ ಹಾಕುತ್ತಿದ್ದಳು. ನನ್ನ ಬಗ್ಗೆ ಅವಳ ಷರಾ ಯಾವಾಗಲೂ ಒಂದೇ:

"ನಿಮ್ಮವ್ವ ನಲವತ್ತೆರಡು ಹೆತ್ತವ್ಳೆ ಕಣ್ ಗೌರಿ. ನೀನು ನಲವತ್ಮೂರ್ನೇವ್ಳು. ನಿನ್ ಸರದಿ ಬರೋಗಂಟ ಕಾಯಿ."

ನಲವತ್ತೆರಡು ಅಂದರೆ ಆ ವರ್ಷ ಹಾಸ್ಟೆಲ್ಲಿನಲ್ಲಿದ್ದ ಹುಡುಗಿಯರು. ಅಮ್ಮ ದಿನಕ್ಕೆ ಮೂರು ಸಲ ಅವರನ್ನು ಎಣಿಸುತ್ತಿದ್ದಳು. ಬೆಳಗ್ಗೆ ಪ್ರಾರ್ಥನೆಗೆ, ಸಂಜೆ ಆಟ ಮುಗಿದ ಮೇಲೆ, ಮಲಗುವ ಮುಂಚೆ. ತೋರುಬೆರಳು ಗಾಳಿಯಲ್ಲಿ ಆಡಿಸುತ್ತಾ, ತುಟಿ ಮಾತ್ರ ಅಲ್ಲಾಡಿಸುತ್ತಾ ಎಣಿಸಿ ಮುಗಿಸಿದಳೆಂದರೆ ಅವಳ ಹೆಗಲು ಒಂದಿಷ್ಟು ಕೆಳಗಿಳಿಯುತ್ತಿತ್ತು. ನಾನು ಅದೇ ಶಾಲೆಯ ಐದನೇ ತರಗತಿಯಲ್ಲಿದ್ದರೂ ರಾತ್ರಿ ಮನೆಯಲ್ಲಿ ಮಲಗುವವಳಾದ್ದರಿಂದ ಆ ಬೆರಳು ನನ್ನ ಮೇಲೆ ಬಂದಾಗ ಒಂದು ತಲೆ ಹಾರಿ ಮುಂದೆ ಹೋಗುತ್ತಿತ್ತು. ಶಾಲೆಯಲ್ಲಿ ಅವಳನ್ನು ಅಮ್ಮ ಅಂತ ಕರೆಯುವ ಹಾಗೂ ಇರಲಿಲ್ಲ. ಬಾಗಿಲಿನಾಚೆ ಮಿಸ್, ಈಚೆ ಅಮ್ಮ. ಒಂದು ಸಲ ಬಿದ್ದು ಮಂಡಿ ಕೆತ್ತಿಕೊಂಡು "ಅಮ್ಮಾ" ಅಂತ ಕಿರುಚಿದಾಗ ಅವಳು ಓಡಿ ಬಂದು ಮೊದಲು ಕೇಳಿದ್ದು "ಏನಂದೆ?" ಅಂತ. ಅಷ್ಟು ಹುಡುಗಿಯರು ಅಮ್ಮಂದಿರನ್ನು ಬಿಟ್ಟು ಬಂದಿರುವಾಗ ಒಬ್ಬಳು ಮಾತ್ರ ಅವರೆದುರು ಅಮ್ಮ ಅಂತ ಕರೆಯುವುದು ಸರಿಯಲ್ಲ ಎನ್ನುವುದು ಅವಳ ಲೆಕ್ಕಾಚಾರ. ಈಗ ಯೋಚಿಸಿದರೆ ನ್ಯಾಯವೇ. ಆಗ ನನ್ನ ಮೈಯೆಲ್ಲ ಉರಿದುಹೋಗಿತ್ತು.

ಭಾನುವಾರ ಬಂತೆಂದರೆ ತಲೆಗೆ ಎಣ್ಣೆ. ಅಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಹುಡುಗಿಯರು ಸಾಲಾಗಿ ಒಬ್ಬೊಬ್ಬರೇ ಅವಳ ಮೊಣಕಾಲುಗಳ ನಡುವೆ ಬಂದು ಕೂರಬೇಕು. ಎಣ್ಣೆ ಹಚ್ಚಿ, ಹೇನು ನೋಡಿ, ಎರಡು ಜಡೆ ಹಾಕಿ, ಬೆನ್ನಿಗೊಂದು ತಟ್ಟು. ಆ ಎರಡು ನಿಮಿಷದಲ್ಲಿ ಹುಡುಗಿಯರು ಬೇರೆಲ್ಲೂ ಹೇಳದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದರು. ಮುಖ ಕಾಣುವುದಿಲ್ಲವಲ್ಲ, ಹೇಳುವುದು ಸುಲಭ. ನನ್ನ ಸರದಿ ಕೊನೆಗೆ. ಅಷ್ಟರಲ್ಲಿ ಅಮ್ಮನ ಬೆರಳು ಸೋತು, ಎಣ್ಣೆ ಬಟ್ಟಲಿನ ತಳಕ್ಕೆ ಹೋಗಿರುತ್ತಿತ್ತು. ನಾನು ಹೇಳಲಿಕ್ಕೆ ಅಂತ ಕೂಡಿಟ್ಟುಕೊಂಡ ಮಾತುಗಳಿಗೆ ಅವಳು "ಹ್ಞೂಂ, ಹ್ಞೂಂ" ಅನ್ನುತ್ತಾ ಬಟ್ಟೆ ಒಗೆಯುವ ಕಲ್ಲಿನ ಕಡೆ ಯಾರು ಜಗಳ ಆಡುತ್ತಿದ್ದಾರೆ ಅಂತ ನೋಡುತ್ತಿದ್ದಳು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಇಡುವುದಿಲ್ಲ ನಾನು.

ಒಂದು ಸಲ ಅಪ್ಪ ಶಿಫ್ಟು ಮುಗಿಸಿ ಬರುವಾಗ ನಂಜನಗೂಡಿನ ಸಂತೆಯಿಂದ ಎಂಟು ರಸಬಾಳೆ ಹಣ್ಣು ತಂದ. ಆ ಹಣ್ಣು ಆಗಲೇ ಅಪರೂಪವಾಗುತ್ತಿತ್ತು. ತಲೆಗೆ ಎರಡು ಅಂತ ಅವನ ಲೆಕ್ಕ. ವಾಸನೆ ಗೋಡೆ ದಾಟಿತೋ ಏನೋ, ಇಬ್ಬರು ಹುಡುಗಿಯರು ಬಾಗಿಲಿಗೆ ಬಂದರು, ಅವರ ಹಿಂದೆ ನಾಲ್ವರು. ಅಮ್ಮ ಚಾಕು ತೆಗೆದುಕೊಂಡು ಎಂಟೂ ಹಣ್ಣುಗಳನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ತಟ್ಟೆಗೆ ಹಾಕಿಕೊಂಡು ಹೊರಟೇಬಿಟ್ಟಳು. ಅಪ್ಪ ಅಂಗಿ ಬಿಚ್ಚುತ್ತಿದ್ದವನು ಹಾಗೇ ನಿಂತ.

"ಅಲ್ಲ ಕಣೇ, ಇದೇನು ಗುಡಿ ಪ್ರಸಾದ ಅಂದ್ಕೊಂಡಾ? ನನ್ನ ಮಗಳಿಗೆ ಅಂತ ತಂದಿದ್ದು!"

"ನಿಮ್ಮ ಮಗಳಿಗೂ ಕೊಡ್ತೀನಿ. ವಾಸ್ನೆ ಕುಡಿಸಿ ಬಾಗ್ಲು ಹಾಕ್ಕೊಳ್ಳೋಕಾಗುತ್ತಾ?"

"ಊರೋರ್ ಮಕ್ಳಿಗೆಲ್ಲ ನೀನೇ ಅವ್ವ ಆದ್ರೆ ನಮ್ಮನೇಲಿರೋದ್ಕೆ ಯಾರು?"

ನನಗೆ ಸಿಕ್ಕಿದ್ದು ಎರಡು ಬಿಲ್ಲೆ. ನಾನು ಅವನ್ನು ತಿನ್ನದೆ ತಟ್ಟೆಯಲ್ಲೇ ಬಿಟ್ಟು ಎದ್ದೆ. ಅಜ್ಜಿ ಅವನ್ನು ಬಾಯಿಗೆ ಹಾಕಿಕೊಂಡು, "ಕೋಪ ಬಂದ್ರೆ ಊಟದ್ ಮೇಲೆ ತೀರುಸ್ಕಬಾರ್ದು ಕಣವ್ವ, ನಷ್ಟ ನಮ್ಗೇಯಾ" ಅಂದಳು.

ಸಂಜೆ ಹೊತ್ತು ಅಲ್ಲೇ ವಾಸವಿದ್ದ ನಾಲ್ಕೈದು ಮೇಷ್ಟ್ರುಗಳು, ಮೇಡಮ್ಮುಗಳು ನಮ್ಮ ಜಗಲಿಗೆ ಟೀ ಕುಡಿಯಲು ಬರುತ್ತಿದ್ದರು. ಮೊದಲರ್ಧ ಗಂಟೆ ಬರೀ ದೂರು. ಬೋರ್‌ವೆಲ್ಲಿನಲ್ಲಿ ನೀರಿಲ್ಲ, ಅಡುಗೆಯವನು ಹೇಳದೆ ಕೇಳದೆ ಊರಿಗೆ ಹೋದ, ಭಾನುವಾರವೂ ರಜವಿಲ್ಲ, ಮೈಸೂರಿನ ಡೇ ಸ್ಕೂಲಿನವರು ಪುಣ್ಯವಂತರು, ನಾಲ್ಕು ಗಂಟೆಗೆ ಮನೆ ಸೇರುತ್ತಾರೆ. ಎಲ್ಲರೂ ಮುಂದಿನ ವರ್ಷ ಬಿಟ್ಟು ಹೋಗುವವರೇ. ಟೀ ತಳ ಕಂಡ ಮೇಲೆ ಮಾತು ಹೇಗೋ ಮಕ್ಕಳ ಕಡೆ ಹೊರಳುತ್ತಿತ್ತು. ಒಂದು ದಿನ ಗಣಿತದ ಮೇಷ್ಟ್ರು ಬರುವಾಗಲೇ ಕೈ ಎತ್ತಿಕೊಂಡು ಬಂದರು.

"ಬಂತು ಕಣ್ರೀ! ಆ ಕೊನೇ ಬೆಂಚಿನೋಳಿಗೆ ಭಾಗಾಕಾರ ಬಂತು! ಬಟ್ಟೆ ಒಗಿಯೋ ಕಲ್ಲಿನ ಮೇಲೆ ಇದ್ದಿಲಲ್ಲಿ ಮಾಡ್ತಾ ಕೂತಿದ್ಲು, ನಾನು ಕಿಟಕೀಲಿ ನೋಡ್ದೆ. ಶೇಷ ಸಮೇತ!"

ಅವರು ಹೋದ ಮೇಲೆ ಅಜ್ಜಿ, "ಮನೇಲಿ ಗಂಡ್ಮಗ ಹುಟ್ದಂಗಾಡ್ತಾನಲ್ಲ ಈ ಮೇಷ್ಟ್ರು" ಅಂತ ನಕ್ಕಳು. ಆ ಮೇಷ್ಟ್ರು ಮುಂದಿನ ವರ್ಷವೂ ಬಿಟ್ಟು ಹೋಗಲಿಲ್ಲ, ಅದರ ಮುಂದಿನ ವರ್ಷವೂ ಹೋಗಲಿಲ್ಲ.

ಆ ಜೂನಿನಲ್ಲಿ ಮೂಗೂರಿನಿಂದ ನಂಜಮಣಿ ಬಂದಳು. ಏಳನೇ ತರಗತಿಗೆ ಸೇರಿದವಳು, ನನಗಿಂತ ಎರಡು ವರ್ಷ ದೊಡ್ಡವಳು, ಕಡ್ಡಿಯಂತೆ ಇದ್ದಳು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಬಂದ ಮೂರನೆಯ ದಿನವೇ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಬಳಿ ಸಿಕ್ಕಿಬಿದ್ದಳು. ಬೇರೆ ಯಾರಾದರೂ ಆಗಿದ್ದರೆ ಬೈದು ಒಳಗೆ ತಳ್ಳುತ್ತಿದ್ದರು. ಅಮ್ಮನ ರೀತಿ ಬೇರೆ.

"ಊರಿಗೆ ಹೋಗ್ಬೇಕಾ? ಸರಿ, ನಡಿ. ನಾನೇ ಬಸ್ ಹತ್ತಿಸ್ತೀನಿ."

ಹಾಗಂದವಳು ನಿಜವಾಗಿಯೂ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ರಸ್ತೆಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತಳು. ನಾನು ಹಿಂದೆಯೇ ಹೋಗಿದ್ದೆ. ನರಸೀಪುರದ ಬಸ್ಸು ಬಂತು. "ಇದು ರಶ್ಶು, ನಿಂತ್ಕೊಂಡು ಹೋಗ್ಬೇಕು" ಅಂದಳು ಅಮ್ಮ. ಇನ್ನೊಂದು ಬಂತು. "ಇದರ ಡ್ರೈವರ್ ಸರಿಯಿಲ್ಲ." ಬಸ್ಸು ಬಸ್ಸಿನ ನಡುವೆ ಅವಳು ಉಪದೇಶ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಿದ್ದಳು. ನಂಜಮಣಿ ಅತ್ತಳು, ನಿಲ್ಲಿಸಿದಳು, ಮತ್ತೆ ಅತ್ತಳು. ಮೂರನೆಯ ಬಸ್ಸು ಹೋದ ಮೇಲೆ ಅವಳೇ, "ಮಿಸ್, ಇವತ್ತು ಊಟಕ್ಕೆ ಏನು ಮಾಡವ್ರೆ?" ಅಂದಳು. ಆ ತಿಂಗಳಲ್ಲಿ ಹೀಗೆ ನಾಲ್ಕು ಸಲ ಆಯಿತು. ನನಗೆ ಅವಳ ದುಃಖ ಕಾಣಲಿಲ್ಲ. ಕೈಯಲ್ಲಿ ಏನೂ ಕೆಲಸ ಇಟ್ಟುಕೊಳ್ಳದೆ ಅಮ್ಮ ಒಂದು ಗಂಟೆ ನನ್ನ ಪಕ್ಕದಲ್ಲಿ ಯಾವತ್ತಾದರೂ ಕೂತಿದ್ದಳೇ ಅಂತ ಮಾತ್ರ ಅನ್ನಿಸಿತು.

ಅಮ್ಮನದು ಇನ್ನೊಂದು ಪದ್ಧತಿಯಿತ್ತು. ಹಾಸ್ಟೆಲ್ಲಿನಲ್ಲಿ ಯಾವಳಾದರೂ ದೊಡ್ಡವಳಾದರೆ ಮನೆಯವರು ಬಂದು ಊರಿಗೆ ಕರೆದುಕೊಂಡು ಹೋಗುತ್ತಾರೆ, ಬೇರೆ ಕೂರಿಸುತ್ತಾರೆ, ಒಸಗೆ ಮಾಡುತ್ತಾರೆ. ಅಷ್ಟರಲ್ಲಿ ಗಂಡಿನ ಮಾತು ಎದ್ದಿರುತ್ತದೆ, ಹುಡುಗಿ ಶಾಲೆಗೆ ತಿರುಗಿ ಬರುವುದಿಲ್ಲ. ಅಮ್ಮ ವಾರ್ಡನ್ ಆಗುವ ಮುಂಚೆ ಹಾಗೆ ಹೋದ ಇಬ್ಬರು ಬಂದೇ ಇರಲಿಲ್ಲವಂತೆ. ಅದಕ್ಕೇ ಅಮ್ಮ ತಾನೇ ಹುಡುಗಿಯ ಜೊತೆ ಊರಿಗೆ ಹೋಗುತ್ತಿದ್ದಳು. ಒಸಗೆಗೂ ಹೋಗಿ ಆರತಿ ಎತ್ತಿ, ಚಿಗಳಿ ತಿಂದು, ಹೆತ್ತವರ ಎದುರು ಕೂತು, "ಹದಿನಾರನೇ ದಿನ ಬರ್ತೀನಿ, ಸಿದ್ಧ ಮಾಡಿರಿ" ಅಂತ ಹೇಳಿ ಬರುತ್ತಿದ್ದಳು. ಹದಿನಾರನೆಯ ದಿನ ಸರಿಯಾಗಿ ಹೋಗಿ ಅವರ ಮನೆ ಜಗಲಿಯ ಮೇಲೆ ಕೂತುಬಿಡುತ್ತಿದ್ದಳು. ಮೇಷ್ಟ್ರಮ್ಮ ಬಂದು ಕೂತ ಮೇಲೆ ಇಲ್ಲವೆನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹೀಗೆ ಕರೆದುಕೊಂಡು ಬಂದ ದಿನ ಅವಳ ಮುಖ ನೋಡಬೇಕಿತ್ತು. ಆ ದಿನ ನಾನು ಏನು ಕೇಳಿದರೂ ಕೊಡುತ್ತಿದ್ದಳು.

ಮುಂದೆ ಯಾವಾಗಲೋ, ನಿವೃತ್ತಿಯಾದ ಮೇಲೆ, ನಾನು ಅವಳನ್ನು ಕೇಳಿದ್ದೆ. ಅಷ್ಟು ವರ್ಷ ಅಲ್ಲಿ ಒದ್ದಾಡಿ ನಿನಗೆ ಸಿಕ್ಕಿದ್ದೇನು ಅಂತ. ಬೆರಳು ಸೆಟೆದುಕೊಂಡಿದೆ ನೋಡು, ಅದು ಸಿಕ್ಕಿತು ಅಂತ ಮೊದಲು ತಮಾಷೆ ಮಾಡಿದಳು. ಆಮೇಲೆ ಹೇಳಿದಳು:

"ಜೂನಲ್ಲಿ ಗೇಟ್ ಹತ್ರ ಅತ್ತೋಳು, ಆಗಸ್ಟಲ್ಲಿ ಇನ್ನೊಬ್ಳು ಅಳ್ತಿದ್ರೆ ಹೋಗಿ ಪಕ್ಕದಲ್ಲಿ ಕೂತ್ಕೊತಾಳಲ್ಲ, ಯಾರೂ ಹೇಳಿರೋದಿಲ್ಲ. ಅದನ್ನ ದಿನಾ ನೋಡೋಕೆ ಸಿಗುತ್ತೆ. ಡೇ ಸ್ಕೂಲಲ್ಲಿ ನಾಲ್ಕು ಗಂಟೆಗೆ ಬೆಲ್ ಹೊಡೀತಾರೆ, ಮಗು ಮನೆಗೆ ಹೋಗಿಬಿಡುತ್ತೆ. ಇದೆಲ್ಲ ಆಗೋದು ನಾಲ್ಕು ಗಂಟೆ ಆದ್ಮೇಲೆ ಕಣೇ."

ನಾನು ಅದನ್ನು ಚಿಕ್ಕಂದಿನಲ್ಲೇ ನೋಡಿದ್ದೆ. ನೋಡಿದ ದಿನ ನನಗೆ ಸಂತೋಷವಾಗಿರಲಿಲ್ಲ.

ಚಳಿಗಾಲದ ಒಂದು ಭಾನುವಾರ ಹಾಸ್ಟೆಲ್ಲಿನವರನ್ನೆಲ್ಲ ತಿರುಮಕೂಡಲಿಗೆ, ಕಾವೇರಿ ಕಪಿಲೆ ಸೇರುವಲ್ಲಿಗೆ ಕರೆದುಕೊಂಡು ಹೋದರು. ಬಸ್ಸೊಂದನ್ನು ಗೊತ್ತು ಮಾಡಿದ್ದರು. ನಾನೂ ಹೋಗಿದ್ದೆ. ಮೊಸರನ್ನ, ಚಿತ್ರಾನ್ನದ ಡಬರಿ, ಮರಳಿನ ಮೇಲೆ ಆಟ. ಸಂಜೆ ಹೊರಡುವಾಗ ಮರಳಿನಲ್ಲಿ ನಡೆಯುತ್ತಾ ನಂಜಮಣಿ ಅಮ್ಮನ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಡಬರಿಯಿತ್ತು. ನನಗೆ ಹಿಡಿಯಲು ಕೈ ಇರಲಿಲ್ಲ. ನಾನು ಹಿಂದೆ ಹಿಂದೆ ಉಳಿದು, ಒಂದು ಮಂಟಪದ ಕಂಬದ ಹಿಂದೆ ಹೋಗಿ ಕೂತೆ. ಈಗ ಎಣಿಸುತ್ತಾಳೆ, ಒಂದು ಕಡಿಮೆ ಬರುತ್ತದೆ, "ಗೌರೀ" ಅಂತ ಕೂಗುತ್ತಾಳೆ, ಮೂರು ಸಲ ಕೂಗುವ ತನಕ ಎದ್ದು ಹೋಗಬಾರದು ಅಂತ ತೀರ್ಮಾನಿಸಿದೆ. ಬಸ್ಸಿನ ಬಳಿ ಅಮ್ಮನ ಬೆರಳು ಆಡುವುದು ನನಗೆ ಕಾಣುತ್ತಿತ್ತು. ಮುಗಿಸಿದಳು. ಹೆಗಲು ಕೆಳಗಿಳಿಯಿತು.

"ನಲವತ್ತೆರಡು. ಸರಿ ಇದೆ, ನಡೀರಿ ಡ್ರೈವರ್ ಸಾರ್."

ಬಸ್ಸು ಹೊರಟಿತು. ನಾನು ಓಡಬಹುದಿತ್ತು, ಕೂಗಬಹುದಿತ್ತು. ಎರಡೂ ಮಾಡಲಿಲ್ಲ. ಅವಳಿಗೆ ಗೊತ್ತಿದ್ದೇ ಬಿಟ್ಟು ಹೋದಳು ಅನ್ನಿಸಿ ಕಾಲು ಏಳಲೇ ಇಲ್ಲ. ಆಮೇಲೆ ಕೇಳಿ ತಿಳಿದದ್ದು: ಬಸ್ಸು ಸೇತುವೆ ದಾಟುವಾಗ ನಂಜಮಣಿ, "ಮಿಸ್, ಗೌರಿ ಎಲ್ಲವ್ಳೆ?" ಅಂತ ಕೇಳಿದಳಂತೆ. ಎಣಿಕೆ ಸರಿಯಿತ್ತು, ಆ ಎಣಿಕೆಯಲ್ಲಿ ನಾನು ಇರಲೇ ಇಲ್ಲ. ಇನ್ನು ಯಾವ ತಾಯಿಯೂ ಮಾಡಲಾರದ ತಪ್ಪು ಅದು.

ಕಾಲು ಗಂಟೆಯಲ್ಲಿ ಬಸ್ಸು ವಾಪಸ್ಸು ಬಂತು. ಅಮ್ಮ ಮರಳಿನಲ್ಲಿ ಓಡಿಬಂದಳು, ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಬಂದವಳೇ ನನ್ನ ಕೆನ್ನೆಗೆ ಒಂದು ಬಿಟ್ಟಳು, ಮರುಕ್ಷಣವೇ ಅಪ್ಪಿಕೊಂಡಳು, ಆಮೇಲೆ ಮರಳಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅಳತೊಡಗಿದಳು. ಮಿಸ್ ಅಳುವುದನ್ನು ಹುಡುಗಿಯರು ಯಾರೂ ನೋಡಿರಲಿಲ್ಲ. ಸುತ್ತ ನಿಂತು ಕಣ್ಣು ಕಣ್ಣು ಬಿಟ್ಟರು. ಡ್ರೈವರ್ ಹಾರ್ನ್ ಹೊಡೆದ. ನಂಜಮಣಿ ಅವನ ಕಡೆ ತಿರುಗಿ, "ಒಸಿ ಇರಿ ಸಾ, ಮಿಸ್ಸು ಈಗ್ಲೇ ಬರಕಿಲ್ಲ" ಅಂದು, ಅಮ್ಮನ ಪಕ್ಕದಲ್ಲಿ ಬಂದು ಕೂತಳು. ಅಮ್ಮ ಅತ್ತು ಮುಗಿಸುವ ತನಕ ಹಾಗೇ ಕೂತಿದ್ದಳು. ಅಮ್ಮನನ್ನು ಸಮಾಧಾನ ಮಾಡುವ ಹಕ್ಕೂ ಅವಳಿಗೇ ಹೋಯಿತಲ್ಲ ಅಂತ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಮನೆಯಲ್ಲಿ ಆ ದಿನ ಅಪ್ಪ ಕೂಗಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಇನ್ ಸಾಕು. ಪರೀಕ್ಷೆ ಮುಗೀಲಿ, ನಂಜನಗೂಡಲ್ಲಿ ಮನೆ ಮಾಡುವ. ಅಲ್ಲಿ ನರ್ಸರಿ ಸ್ಕೂಲಲ್ಲಿ ಟೀಚರ್ ಬೇಕಂತೆ. ಮೂರೂವರೆಗೆ ಮನೇಲಿರ್ತೀಯ."

ಅಮ್ಮ ವಾದ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ, "ಹೂಂ. ಹೆತ್ತ ಮಗೂನೇ ಲೆಕ್ಕಕ್ಕೆ ಇಟ್ಕೊಳ್ದೋಳಿಗೆ ಈ ಕೆಲಸ ಯಾಕೆ" ಅಂದಳು. ಎರಡು ದಿನ ಬಿಟ್ಟು ರಾಜೀನಾಮೆ ಕಾಗದ ಬರೆದು ಮಡಚಿ ದೇವರ ಗೂಡಿನಲ್ಲಿಟ್ಟಳು, ಪರೀಕ್ಷೆ ಮುಗಿದ ಮೇಲೆ ಹೆಡ್‌ಮಾಸ್ಟರಿಗೆ ಕೊಡುವುದೆಂದು. ನನಗೆ ಎಷ್ಟು ಸಂತೋಷವಾಯಿತೆಂದರೆ ದಿನಾ ದೀಪ ಹಚ್ಚುವ ನೆಪದಲ್ಲಿ ಹೋಗಿ ಅದು ಅಲ್ಲೇ ಇದೆಯೇ ಅಂತ ನೋಡಿ ಬರುತ್ತಿದ್ದೆ. ಅಪ್ಪ ಪಡಸಾಲೆ ಬಾಗಿಲಿನ ಚಿಲಕಕ್ಕೆ ಸೀಮೆಎಣ್ಣೆ ಬಿಟ್ಟು ಸಡಿಲ ಮಾಡಿದ. ಸಂಜೆ ಐದು ಗಂಟೆಯಾದರೆ ಅಮ್ಮ ಅದನ್ನು ಹಾಕತೊಡಗಿದಳು. ತೀರಾ ತುರ್ತಿದ್ದರೆ ಮಾತ್ರ ತಟ್ಟಿ ಅಂತ ಹುಡುಗಿಯರಿಗೆ ಹೇಳಿದ್ದಳು.

ಆ ಕೆಲವು ವಾರ ಅಮ್ಮ ಪೂರ್ತಿ ನನ್ನವಳಾಗಿದ್ದಳು. ಎಣ್ಣೆ ಮೊದಲು ನನಗೆ. ಬಿಸಿ ಮುದ್ದೆ ಮೊದಲು ನನಗೆ. ನನ್ನ ಪಕ್ಕದಲ್ಲೇ ಕೂತು ಮಗ್ಗಿ ಹೇಳಿಸುತ್ತಿದ್ದಳು. ಆದರೆ ಹದಿಮೂರರ ಮಗ್ಗಿಯಲ್ಲಿ ನಾನು ತಪ್ಪಿದರೂ "ಹ್ಞೂಂ, ಮುಂದೆ" ಅನ್ನುತ್ತಿದ್ದಳು, ಕಿವಿ ಗೋಡೆಯ ಕಡೆಗಿರುತ್ತಿತ್ತು. ಗೋಡೆಯಾಚೆ ಗಲಾಟೆಯೂ ಕಡಿಮೆಯಾಗಿತ್ತು. ಹುಡುಗಿಯರು ಬಾಗಿಲ ತನಕ ಬಂದು, ಒಂದಿಷ್ಟು ಹೊತ್ತು ನಿಂತು, ತಟ್ಟದೆ ಹೋಗುವ ಹೆಜ್ಜೆ ಸದ್ದು ಕೇಳಿಸುತ್ತಿತ್ತು. ಅಜ್ಜಿ ಒಂದು ದಿನ, "ಏನ್ ಗೌರಿ, ಈಗ ಸಿಕ್ಕುದ್ಲಾ ನಿಮ್ಮವ್ವ?" ಅಂತ ಕೇಳಿದಳು. ಸಿಕ್ಕಿದಳು ಅಂದೆ. ಅಜ್ಜಿ ನನ್ನ ಮುಖ ನೋಡಿ ಅಡಿಕೆ ಕುಟ್ಟುವುದನ್ನು ಮುಂದುವರಿಸಿದಳು.

ಫೆಬ್ರವರಿಯ ಒಂದು ಸಂಜೆ. ಅಮ್ಮ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು, ನೆಗಡಿಯಾಗಿ ಕೆಮ್ಮುತ್ತಿದ್ದಳು. ಅಡುಗೆಮನೆಯಲ್ಲಿ ನಾನೊಬ್ಬಳೇ. ಬಾಗಿಲು ತಟ್ಟಿದ ಸದ್ದಾಯಿತು, ತೀರಾ ಮೆಲ್ಲಗೆ.

"ಯಾರು?"

"ನಾನು, ನಂಜಮಣಿ. ಮಿಸ್ ಅವ್ರಾ? ಒಸಿ ಕರಿಯೇ ಗೌರಿ."

"ಏನು ಬೇಕು?"

"ಮಿಸ್ಸಿಗೇ ಏಳ್ಬೇಕು."

ಚಿಲಕದ ಮೇಲೆ ಕೈಯಿಟ್ಟವಳು ಕೈ ತೆಗೆದೆ. "ಅಮ್ಮ ಇಲ್ಲ" ಅಂದೆ. ಅಮ್ಮ ಅನ್ನುವ ಆ ಮಾತನ್ನು ಬೇಕೆಂದೇ ಒತ್ತಿ ಹೇಳಿದೆ. ಆಚೆ ಹೆಜ್ಜೆ ಸಪ್ಪಳ ದೂರ ಹೋಯಿತು.

ಅರ್ಧ ಗಂಟೆ ಕಳೆದಿರಬೇಕು. ಸಂಜೆ ಎಣಿಕೆಗೆ ಹೋದ ಅಮ್ಮ ಪಡಸಾಲೆಯಿಂದ ಓಡುತ್ತಾ ಬಂದಳು. ನಲವತ್ತೊಂದೇ ಜನ ಇದ್ದರು. ನಂಜಮಣಿಯ ಚೀಲ ಇರಲಿಲ್ಲ. ಅವಳ ಜೊತೆಯವಳೊಬ್ಬಳು ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಲಂಗದ ಮೇಲೆ ಕಲೆ ಅನ್ನುವುದಷ್ಟೇ ನನಗೆ ಕೇಳಿಸಿತು. ಅಷ್ಟಕ್ಕೇ ನನಗೂ ಅರ್ಥವಾಯಿತು, ಅವಳು ಬಾಗಿಲಿಗೆ ಏನು ಹೇಳಲು ಬಂದಿದ್ದಳು ಅಂತ. ಅಮ್ಮ ಅಜ್ಜಿಗೆ ಒಂದು ಮಾತು ಹೇಳಿ ರಸ್ತೆಗೆ ಓಡಿದಳು. ನಾನೂ ಓಡಿದೆ, ಬೇಡವೆನ್ನುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಕಲ್ಲುಬೆಂಚು ಖಾಲಿಯಿತ್ತು. ನರಸೀಪುರದ ಬಸ್ಸು ಆಗತಾನೇ ಬಂದು ನಿಂತಿತ್ತು, ಕಿಟಕಿಯಲ್ಲಿ ನಂಜಮಣಿಯ ಜಡೆ ಕಂಡಿತು. ಈ ಸಲ ಅವಳು ಯಾರಿಗೂ ಕಾಯದೆ ಹತ್ತಿಬಿಟ್ಟಿದ್ದಳು. ಅಮ್ಮ ಹೊರಟ ಬಸ್ಸಿಗೆ ಕೈಯೊಡ್ಡಿ, ನನ್ನನ್ನು ಎಳೆದುಕೊಂಡು ಹತ್ತಿದಳು.

ಬಸ್ಸಿನಲ್ಲಿ ಅಮ್ಮ ಅವಳ ಪಕ್ಕ ಕೂತು ತನ್ನ ಸ್ವೆಟರ್ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದಳು. ನಂಜಮಣಿ ಕಟ್ಟಿಸಿಕೊಂಡಳು, ಆದರೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನರಸೀಪುರದ ತನಕ ನಾನು ಅಮ್ಮನ ಸೆರಗಿನ ತುದಿ ಹಿಡಿದು ನಿಂತಿದ್ದೆ. ಹೇಳಿದರೆ ಹೊಡೆಯುತ್ತಾಳೆ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೀಗೇ ಯೋಚಿಸುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಮೂಗೂರಿನ ಬಸ್ಸು ಎಂಜಿನ್ ಆನ್ ಮಾಡಿಕೊಂಡು ನಿಂತಿತ್ತು. ಅಮ್ಮ ನಂಜಮಣಿಯ ಎರಡೂ ಹೆಗಲು ಹಿಡಿದಳು.

"ನಾನೇ ಕರ್ಕೊಂಡು ಹೋಗ್ತಿದ್ದೆನಲ್ಲೇ. ಎಲ್ಲರನ್ನೂ ಕರ್ಕೊಂಡು ಹೋಗಿಲ್ವಾ? ಒಬ್ಳೇ ಯಾಕೆ ಬಂದೆ?"

"ಕರ್ಕೊಂಡ್ ಓಯ್ತೀರಿ ಮಿಸ್. ವಾಪಸ್ ಕರ್ಕೊಂಡ್ ಬರಾಕೆ ಯಾರ್ ಬತ್ತಾರೆ? ನೀವು ಬುಟ್ಟೋಯ್ತೀರಂತಲ್ಲ. ಎಲ್ರುಗೂ ಗೊತ್ತು." ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. "ನಮ್ಮಪ್ಪ ಯುಗಾದಿಗೇ ಗಂಡು ನೋಡ್ತೀನಿ ಅಂತಿತ್ತು. ನೀವ್ ಬಂದು ಜಗಲಿ ಮೇಲೆ ಕುಂತ್ಕತೀರಿ ಅಂತ ನಾನು ಧೈರ್ಯವಾಗಿದ್ದೆ. ಇನ್ನೇನ್ ಮಿಸ್, ಇವತ್ತು ಓದ್ರೂ ಅಷ್ಟೆ, ನಾಳೆ ಓದ್ರೂ ಅಷ್ಟೆ."

ಅಮ್ಮನ ಕೈ ಅವಳ ಹೆಗಲಿನಿಂದ ಜಾರಿತು. ನನಗೆ ತಡೆಯಲಾಗಲಿಲ್ಲ.

"ಇವಳು ಬಾಗಿಲಿಗೆ ಬಂದಿದ್ಲು. ನೀನು ಒಳಗೇ ಇದ್ದೆ. ನಾನೇ ಇಲ್ಲ ಅಂದೆ."

ಅಮ್ಮ ನನ್ನ ಕಡೆ ತಿರುಗುವ ಮುಂಚೆಯೇ ನಂಜಮಣಿ ಅಂದಳು:

"ಒಳಗವ್ರೆ ಅಂತ ಗೊತ್ತಿತ್ತು. ಮಿಸ್ಸು ಕೆಮ್ಮಿದ್ದು ಕೇಳುಸ್ತು. ಇಲ್ಲ ಅನ್ನು ಅಂತ ಮಿಸ್ಸೇ ಏಳ್ಕೊಟ್ಟವ್ರೆ ಅಂದ್ಕಂಡೆ."

ಅಮ್ಮನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ನನಗೆ ಕೇಳಿಸ್ಲೇ ಇಲ್ಲ ಕಣಮ್ಮ, ದೇವರಾಣೆ. ಕೇಳಿಸಿದ್ರೆ ಬರ್ತಿರ್ಲಿಲ್ವಾ?" ಅಂತ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಂಜಮಣಿ ಆಗ ಅತ್ತಳು. ಗೊತ್ತಿದ್ದೂ ಬಿಟ್ಟುಹೋದಳು ಅಂದುಕೊಂಡು ಕೂತಿರುವುದು ಎಂಥದು ಅಂತ ಆ ಬಸ್ ಸ್ಟ್ಯಾಂಡಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಅಂಥದ್ದೇ ಇನ್ನೊಬ್ಬಳಿಗೆ ಮಾಡಿದ್ದೆ. ಕಂಡಕ್ಟರ್ "ಮೂಗೂರು, ಮೂಗೂರು" ಅಂತ ಕೂಗುತ್ತಾ ನಮ್ಮನ್ನೇ ನೋಡುತ್ತಿದ್ದ.

"ಅಮ್ಮ, ಆ ಕಾಗದ ಕೊಡ್ಬೇಡ" ಅಂದೆ.

"ಯಾವ ಕಾಗದ?"

"ದೇವರ ಗೂಡಲ್ಲಿರೋದು. ಕೊಡ್ಬೇಡ. ನೀನು ಇಲ್ಲೇ ಇರು. ಹದಿನಾರನೇ ದಿನ ಇವಳನ್ನ ಕರ್ಕೊಂಡು ಬಾ."

ಅದಕ್ಕೆ ಮುಂಚೆ ಅಮ್ಮ ನನ್ನನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ. ಕಂಡಕ್ಟರ್ ಸೀಟಿ ಊದಿದರೂ ನೋಡುತ್ತಲೇ ಇದ್ದಳು.

"ಆಮೇಲೆ ನೀನೇ ಅಳ್ತೀಯ ಕಣೇ."

"ಅಳ್ತೀನಿ" ಅಂದೆ.

ಅಮ್ಮ ನಮ್ಮಿಬ್ಬರನ್ನೂ ಮೂಗೂರಿನ ಬಸ್ಸಿಗೆ ಹತ್ತಿಸಿದಳು. ಹದಿನಾರನೆಯ ದಿನ ಹೋಗಿ ನಂಜಮಣಿಯನ್ನು ಕರೆದುಕೊಂಡು ಬಂದಳು. ನಾನು ಮುಂದೆ ಎಷ್ಟೋ ಸಲ ಅತ್ತೆ, ತಟ್ಟೆ ಮುಂದೆ ಕೂತು ಅತ್ತೆ, ಜ್ವರದಲ್ಲಿ ಅತ್ತೆ. ಆ ಕಾಗದ ಕೊಡು ಅಂತ ಮಾತ್ರ ಯಾವತ್ತೂ ಅನ್ನಲಿಲ್ಲ.